ಆರೂಕಾಲರ ಚಿಳ್ಳೆಪಿಳ್ಳೆ ಬ್ಯಾಚು

ಮಂಡಿ ಕೈಕೊಟ್ಟು ನಾನು ಮೈದಾನ ಬಿಟ್ಟು ಒಂದು ವರ್ಷವಾಯಿತು. ಐವತ್ತಮೂರನೆಯ ವಯಸ್ಸಿಗೆ ನಿವೃತ್ತಿ ಎಂದರೆ ಜನ ಅನುಮಾನದಿಂದ ನೋಡುತ್ತಾರೆ, ಏನೋ ಮಾಡಿಕೊಂಡಿರಬೇಕು ಎಂದು. ನಾನು ಮಾಡಿಕೊಂಡದ್ದು ಇಷ್ಟೇ: ಇಪ್ಪತ್ತೆರಡು ವರ್ಷ, ಬೆಳಿಗ್ಗೆ ಆರೂಕಾಲಿಗೆ, ಆರರಿಂದ ಒಂಬತ್ತು ವರ್ಷದ ಮಕ್ಕಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೂಟಿನ ಲೇಸು ಕಟ್ಟಿದ್ದು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಏನ್ ಸಾರ್, ಫುಟ್‌ಬಾಲ್ ಪ್ಲೇಯರ್ರಾ?" ಎಂದು ಗೌರವದಿಂದ ಕೇಳಿದರು. ಲೇಸಿನ ವಿಷಯ ಹೇಳಲು ನಾಚಿಕೆಯಾಗಿ ಹೂಂ ಎಂದುಬಿಟ್ಟೆ.

ನನ್ನ ಜಾಗಕ್ಕೆ ಬಂದಿರುವ ಹೊಸ ಕೋಚ್‌ಗಳು ಮೊನ್ನೆ ಮನೆಗೆ ಬಂದಿದ್ದರು. "ಸಾರ್, ನಿಮ್ ಡ್ರಿಲ್‌ಗಳನ್ನೆಲ್ಲಾ ಒಂದ್ ಕಡೆ ಬರ್ದು ಕೊಟ್ಬುಡಿ" ಎಂದರು. ಡ್ರಿಲ್ಲುಗಳು ಈಗ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತವೆ, ಬಾಣದ ಗುರುತು ಹಾಕಿ, ಬಣ್ಣಬಣ್ಣದಲ್ಲಿ. ಒಬ್ಬ ಕೋಚ್ ಎಷ್ಟು ತಪ್ಪು ಕಲಿಸಬಲ್ಲ, ಕಲಿಸಿಯೂ ಹೇಗೆ ಬದುಕಿಕೊಳ್ಳಬಲ್ಲ ಎಂಬುದು ಮಾತ್ರ ಅಲ್ಲಿ ಸಿಗುವುದಿಲ್ಲ. ಈ ಬೆಳಗಿನ ಬ್ಯಾಚನ್ನೇ ನಾನು ಒಂದು ಸಲ ಮುಚ್ಚಿಹೋಗುವ ಹಂತಕ್ಕೆ ತಂದು ನಿಲ್ಲಿಸಿದ್ದೆ ಎನ್ನುವುದು ಅವರಿಗೆ ಗೊತ್ತಿಲ್ಲ. ಆದ್ದರಿಂದ ಅದನ್ನೇ ಬರೆಯುತ್ತೇನೆ. ಬಡ್ತಿಯ ವಿಷಯ ಬರೆಯಲು ಏನೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಸೀಟಿಯ ದಾರ ಎರಡು ಸಲ ಬದಲಾಯಿತು, ಅಷ್ಟೇ.

ನಮ್ಮದು ಸಣ್ಣ ಕ್ಲಬ್ಬು. ಮೈದಾನ ಉದಯಗಿರಿ ದಾಟಿ ರಾಜೀವನಗರದ ಕಡೆ ಹೋಗುವ ರಸ್ತೆಯಲ್ಲಿದೆ. ಒಂದು ಬದಿಗೆ ಸ್ಕೂಟರ್ ರಿಪೇರಿ ಅಂಗಡಿಗಳ ಸಾಲು, ಇನ್ನೊಂದು ಬದಿಗೆ ಕಾಂಪೌಂಡು, ಕಾಂಪೌಂಡಿನಾಚೆ ಮದುವೆ ಛತ್ರ. ಹುಲ್ಲು ಇದ್ದದ್ದು ನಾಲ್ಕು ಮೂಲೆಗಳಲ್ಲಿ ಮಾತ್ರ, ಏಕೆಂದರೆ ಅಲ್ಲಿಯವರೆಗೆ ನಮ್ಮ ಮಕ್ಕಳ ಚೆಂಡು ಹೋಗುತ್ತಿರಲಿಲ್ಲ.

ನಾನು ಹುಟ್ಟಾ ಚಿಂತೆಯ ಮನುಷ್ಯ. ಮಳೆ ಬಂದರೆ ಮಕ್ಕಳು ಜಾರುತ್ತಾರೆ, ಬಿಸಿಲು ಬಂದರೆ ತಲೆ ಸುತ್ತುತ್ತದೆ, ಎರಡೂ ಇಲ್ಲದಿದ್ದರೆ ಏನೋ ದೊಡ್ಡದೇ ಕಾದಿದೆ. ನನ್ನ ಚೀಲದಲ್ಲಿ ಹತ್ತಿ, ಡೆಟಾಲು, ಗ್ಲೂಕೋಸು, ಹೆಚ್ಚುವರಿ ಲೇಸು, ಪಿನ್ನು, ಎರಡು ಛತ್ರಿ, ಬೀದಿನಾಯಿಗಳಿಗೆ ಬಿಸ್ಕತ್ತು ಇರುತ್ತಿದ್ದವು. ಒಂದು ದಿನ ಚೆಂಡು ತರುವುದನ್ನೇ ಮರೆತಿದ್ದೆ. "ಆಸ್ಪತ್ರೆ ಹೊತ್ಕೊಂಡು ಹೋದ್ರಿ, ಆಟ ಮನೇಲೇ ಬಿಟ್ರಿ" ಎಂದು ಹೆಂಡತಿ ಗೀತಾ ಫೋನ್ ಮಾಡಿ ಹೇಳಿದಳು.

ಶುರುವಿನಲ್ಲಿ ನಾನು ಕಲಿಸುತ್ತಿದ್ದದ್ದು ನನಗೆ ಕಲಿಸಿದ ರೀತಿಯಲ್ಲೇ. ಮೊದಲು ಮೈದಾನಕ್ಕೆ ಐದು ಸುತ್ತು. ಆಮೇಲೆ ಕೈ ಮೇಲೆ, ಕೈ ಕೆಳಗೆ. ಆಮೇಲೆ ಉದ್ದನೆಯ ಸಾಲು, ಸಾಲಿನ ಮುಂದೆ ಒಂದೇ ಒಂದು ಚೆಂಡು. ಒಬ್ಬ ಒದೆಯುತ್ತಾನೆ, ಓಡಿಹೋಗಿ ತರುತ್ತಾನೆ, ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾನೆ. ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಮಕ್ಕಳು ನಿಲ್ಲುತ್ತಿದ್ದರು, ನನಗೆ ಅದು ಶಿಸ್ತಿನಂತೆ ಕಾಣುತ್ತಿತ್ತು.

ಹದಿಮೂರನೆಯ ವರ್ಷದಲ್ಲಿ ನನ್ನ ಕಣ್ಣಿನ ಪೊರೆ ತೆಗೆದವರು ಪದ್ಮಮ್ಮನವರು. ಮೊಮ್ಮಗ ಸಮರ್ಥನನ್ನು ದಿನಾ ಆಟೋದಲ್ಲಿ ಕರೆತಂದು, ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಮಡಿಸುವ ಕುರ್ಚಿಯ ಮೇಲೆ ಕೂರುತ್ತಿದ್ದ ಅಜ್ಜಿ. ಅವರ ಮಾವನವರು ಅರಮನೆಯಲ್ಲಿ ಗುಮಾಸ್ತರಾಗಿದ್ದರಂತೆ. ಕಂಡದ್ದನ್ನು ಬರೆದಿಡುವ ಅಭ್ಯಾಸ ಆ ಮನೆಗೆ ಅಲ್ಲಿಂದಲೇ ಬಂದಿರಬೇಕು. ಒಂದು ದಿನ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಏನೋ ಗೀಟು ಹಾಕಿಕೊಂಡು ಬಂದು ನನ್ನ ಮುಂದೆ ಹಿಡಿದರು.

"ನೋಡಿ, ಒಂದು ಗಂಟೆಯಲ್ಲಿ ನಮ್ಮ ಹುಡುಗ ನಾಲ್ಕು ಸಲ ಒದ್ದ ಕಣ್ರೀ."

"ನಾಲ್ಕೇನಾ ಅಮ್ಮ?"

"ನಾಲ್ಕು. ಅದರಲ್ಲಿ ಎರಡು ಚೆಂಡಿಗೆ, ಎರಡು ಮುಂದೆ ನಿಂತಿದ್ದ ಹುಡುಗನಿಗೆ. ಅವನಾದರೂ ಏನು ಮಾಡ್ತಾನೆ ಪಾಪ, ಕಾಲು ಸುಮ್ಮನಿರಬೇಕಲ್ಲ."

ಆ ರಾತ್ರಿ ಊಟ ಸೇರಲಿಲ್ಲ. ಫುಟ್‌ಬಾಲ್ ಹೇಳಿಕೊಡುತ್ತಿದ್ದೇನೆ ಎಂದುಕೊಂಡು ಇಷ್ಟು ವರ್ಷ ನಾನು ಹೇಳಿಕೊಟ್ಟದ್ದು ಕಾಯುವುದನ್ನು. ಮುಂದಿನ ತಿಂಗಳಿಂದ ಸಾಲು ಕಿತ್ತುಹಾಕಿದೆ. ಹಳೆಯದು, ಹೊಸದು, ಪಂಕ್ಚರ್ ಹಾಕಿಸಿದ್ದು ಎಲ್ಲ ಸೇರಿಸಿ ಇಪ್ಪತ್ತನಾಲ್ಕು ಮಕ್ಕಳಿಗೆ ಇಪ್ಪತ್ತನಾಲ್ಕು ಚೆಂಡು ಹೊಂದಿಸಿದೆ. ಆರೂಕಾಲಿಗೆ ಬರುವುದು, ಅವರವರ ಚೆಂಡು ತೆಗೆದುಕೊಳ್ಳುವುದು, ಶುರು.

ಹೊಸ ಪದ್ಧತಿಯಲ್ಲಿ ಹೊಸ ತಪ್ಪುಗಳು. "ಚೆಂಡು ನೋಡ್ಬೇಡ, ತಲೆ ಎತ್ತು, ಆಟ ನೋಡು" ಎಂದು ಸಮರ್ಥನಿಗೆ ದಿನಾ ಕೂಗುತ್ತಿದ್ದೆ. ಅವನು ವಿಧೇಯ ಹುಡುಗ. ತಲೆ ಎತ್ತಿ, ಮೈದಾನದ ಆ ತುದಿಯಲ್ಲಿ ಯಾರೋ ಆಡುತ್ತಿದ್ದ ಕ್ರಿಕೆಟ್ಟನ್ನು ಇಡೀ ಒಂದು ವಾರ ನೋಡಿದ. ಶನಿವಾರ ಬಂದು ನನಗೆ ಸ್ಕೋರು ಹೇಳಿದ.

ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಗೋಪಾಲ್ ಸಾರ್. ಒಂದು ಕಾಲದಲ್ಲಿ ರಾಜ್ಯ ತಂಡಕ್ಕೆ ಹಾಫ್‌ಬ್ಯಾಕ್ ಆಡಿದ್ದವರು, ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಕ್ಲಬ್ಬೇ ಅವರ ಮನೆ. ತಲೆಯ ಮೇಲೆ ಬಿಳಿ ಟೊಪ್ಪಿ, ಕಂಕುಳಲ್ಲಿ ಮಡಿಸಿದ ಪೇಪರು. ಅವರು ಮಾತನಾಡಿದರೆ ರಿಪೇರಿ ಅಂಗಡಿಯವರು ಸ್ಪ್ಯಾನರ್ ಕೆಳಗಿಟ್ಟು ಕೇಳುತ್ತಿದ್ದರು. ಇಪ್ಪತ್ತನಾಲ್ಕು ಚೆಂಡು ಒಟ್ಟಿಗೆ ಉರುಳುವುದನ್ನು ಮೊದಲ ಸಲ ಕಂಡಾಗ ಅವರು ಗೇಟಿನಲ್ಲೇ ನಿಂತರು.

"ಏನ್ರೀ ಇದು? ತಲೆಗೊಂದೊಂದು ಚೆಂಡು ಹಂಚಿದ್ದೀರಿ, ಮದುವೆ ಮನೆ ತಾಂಬೂಲನಾ?"

"ಸಾರ್, ಕಾಲಿಗೆ ಚೆಂಡು ಜಾಸ್ತಿ ತಾಕಿದ್ರೆ..."

"ನಾವೆಲ್ಲಾ ಮೂವತ್ತು ಜನಕ್ಕೆ ಒಂದು ಚೆಂಡಲ್ಲಿ ಕಲ್ತೋರು. ಆ ಚೆಂಡು ಸಿಗಬೇಕಾದ್ರೆ ಜೀವ ಹೋಗ್ತಿತ್ತು, ಅದಕ್ಕೆ ಕಲ್ತ್ವಿ."

ನಾನು ವಾದ ಮಾಡಲಿಲ್ಲ. ಮೇಲಿನವರ ಜೊತೆ ವಾದ ಮಾಡಿದವನಲ್ಲ ನಾನು. ಮನೆಗೆ ಬಂದು ಗೀತಾಳ ಜೊತೆ ಅವರ ಪರವಾಗಿಯೂ ನನ್ನ ಪರವಾಗಿಯೂ ನಾನೇ ವಾದಿಸಿ, ಎರಡೂ ಕಡೆ ಸೋತು ಮಲಗುತ್ತಿದ್ದೆ.

ಇನ್ನು ಸ್ಟ್ಯಾಚೂ ವಿಷಯಕ್ಕೆ ಬರಬೇಕು. ಕೆಲಸಕ್ಕೆ ಸೇರಿ ಹದಿನಾಲ್ಕನೆಯ ವರ್ಷ ಅದು. ಒಂದು ಬೆಳಿಗ್ಗೆ ಮಕ್ಕಳನ್ನು ಎಣಿಸಿದರೆ ಇಪ್ಪತ್ತಮೂರು. ಮತ್ತೆ ಎಣಿಸಿದೆ, ಇಪ್ಪತ್ತಮೂರು. ಗೇಟಿಗೆ ಓಡಿದೆ, ರಸ್ತೆ ನೋಡಿದೆ, ಚರಂಡಿಯನ್ನೂ ಬಗ್ಗಿ ನೋಡಿದೆ. ರಿಪೇರಿ ಅಂಗಡಿಯ ನಾಲ್ಕು ಜನ ನಾಲ್ಕು ದಿಕ್ಕಿಗೆ ಗಾಡಿ ಹೊಡೆದರು. ಕೊನೆಗೆ ಸಿಕ್ಕಿದವನು ಫೈಜಾನ್, ರಾಜೀವನಗರದ ಏಳು ವರ್ಷದ ಹುಡುಗ. ಅವನು ಎಲ್ಲಿಗೂ ಹೋಗಿರಲಿಲ್ಲ. ಮೊದಲಿನಿಂದಲೂ ನನ್ನ ಬೆನ್ನ ಹಿಂದೆಯೇ ಬರುತ್ತಾ, ನನ್ನ ಜೊತೆ ತಾನೂ ಬೆರಳು ತೋರಿಸಿ ಎಣಿಸುತ್ತಿದ್ದ. ಗೇಟಿಗೂ ನನ್ನ ಹಿಂದೆಯೇ ಓಡಿಬಂದಿದ್ದ.

"ಹೇಳ್ಬಾರ್ದೇನೋ ನಾನಿಲ್ಲಿದೀನಿ ಅಂತ?"

"ನನಗೂ ಇಪ್ಪತ್ಮೂರೇ ಬಂತು ಸಾರ್. ಅದಕ್ಕೆ ನಾನೂ ಹುಡುಕ್ತಿದ್ದೆ."

ಮಾರನೆಯ ದಿನವೇ ಕಾನೂನು ಮಾಡಿದೆ. ಸೀಟಿ ಊದಿದ ಕ್ಷಣ ಎಲ್ಲರೂ ಸ್ಟ್ಯಾಚೂ. ಕಾಲು ಚೆಂಡಿನ ಮೇಲೆ, ಕೈ ಸೊಂಟದ ಮೇಲೆ, ಕಣ್ಣು ನನ್ನ ಮೇಲೆ. ನಾನು ಎಣಿಸಿ ಮುಗಿಸುವವರೆಗೆ ಯಾರೂ ಮಿಸುಕುವ ಹಾಗಿಲ್ಲ. ಮಕ್ಕಳಿಗೆ ಅದು ಬಹಳ ಹಿಡಿಸಿತು. ಮೊದಲು ಹತ್ತು ನಿಮಿಷಕ್ಕೊಮ್ಮೆ ಊದುತ್ತಿದ್ದವನು, ಆಮೇಲೆ ಐದು ನಿಮಿಷಕ್ಕೆ, ಆಮೇಲೆ ಅನುಮಾನ ಬಂದಾಗಲೆಲ್ಲ ಊದತೊಡಗಿದೆ. ನನಗೆ ಅನುಮಾನ ಬಾರದ ಹೊತ್ತು ಕಡಿಮೆ. ಒಂದು ತಿಂಗಳಲ್ಲಿ ಮಕ್ಕಳು ಎಂಥ ಓಟದಲ್ಲಿದ್ದರೂ ಸೀಟಿ ಕೇಳಿದರೆ ಅಲ್ಲೇ ಕಲ್ಲಾಗುವಷ್ಟು ಪಳಗಿದರು.

ಅದನ್ನು ನೋಡಿ ಗೋಪಾಲ್ ಸಾರ್ ಕೂಡ ತಲೆಯಾಡಿಸಿದ್ದರು. "ಇದೊಂದು ಪರವಾಗಿಲ್ಲ ಕಣ್ರೀ. ಡಿಸಿಪ್ಲಿನ್ ಇದೆ." ಹದಿನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ತಲೆಗೇರಿತು. ಅಂದಿನಿಂದ ಇನ್ನೂ ಜಾಸ್ತಿ ಊದಿದೆ.

ಆದರೆ ಅದಾದ ಕೆಲವೇ ದಿನಕ್ಕೆ ಅವರು ನನ್ನನ್ನು ಕರೆದು ಕೂರಿಸಿದರು. ಕ್ಲಬ್ಬಿನ ದೊಡ್ಡ ಹುಡುಗರ ತಂಡ ಆ ವರ್ಷ ಲೀಗಿನಲ್ಲಿ ಕೆಳಗಿನ ದರ್ಜೆಗೆ ಇಳಿದಿತ್ತು. ಅವರಿಗೆ ಸಂಜೆಯ ಅಭ್ಯಾಸ ಸಾಲದು, ಬೆಳಗಿನ ಹೊತ್ತೂ ಮೈದಾನ ಬೇಕು.

"ನಿಮ್ಮ ಚಿಳ್ಳೆಪಿಳ್ಳೆಗಳು ಸಂಜೆ ಬರ್ಲಿ."

"ಸಂಜೆ ಟ್ಯೂಷನ್ನು, ಮದರಸಾ, ಸಂಗೀತದ ಪಾಠ ಇರುತ್ತೆ ಸಾರ್. ಬೆಳಿಗ್ಗೆ ಬಿಟ್ರೆ ಯಾರೂ ಬರಲ್ಲ. ಬ್ಯಾಚೇ ನಿಂತೋಗುತ್ತೆ."

"ನಿಂತ್ರೆ ಏನಾಗುತ್ತೆ ಹೇಳಿ? ಅವರು ಆಡೋದು ಫುಟ್‌ಬಾಲ್ ಥರ ಇದೆಯಾ? ಅಂಗನವಾಡಿಗೆ ಬೂಟು ಹಾಕ್ಸಿದ ಹಾಗಿದೆ." ನನ್ನ ಮುಖ ನೋಡಿದರು. ಏನನ್ನಿಸಿತೋ. "ಎರಡು ತಿಂಗಳು ಟೈಮ್ ಕೊಡ್ತೀನಿ. ಹೊರಗಿನ ತಂಡದ ಜೊತೆ ಒಂದು ಮ್ಯಾಚ್ ಆಡ್ಸಿ ತೋರ್ಸಿ. ಗೆಲ್ಲೋದು ಬೇಡ. ನೋಡಿದ್ರೆ ಫುಟ್‌ಬಾಲು ಅಂತ ಗೊತ್ತಾಗ್ಬೇಕು, ಅಷ್ಟೇ. ಇಲ್ದಿದ್ರೆ ಬೆಳಗಿನ ಟೈಮು ದೊಡ್ಡೋರಿಗೆ."

ಅವರದೂ ತಪ್ಪಿರಲಿಲ್ಲ. ಆದರೆ ನನಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಆ ಮಕ್ಕಳಿಗೆ ಬೇರೆ ಮೈದಾನ ಇರಲಿಲ್ಲ. ನನ್ನ ತಂಡದ ಜೀವ ಎಂದರೆ ಚೈತ್ರ, ಪಕ್ಕದ ರಿಪೇರಿ ಅಂಗಡಿಯ ರಾಜಣ್ಣನ ಮಗಳು, ಎಂಟು ವರ್ಷ. ಬೆಳಿಗ್ಗೆ ನಾನು ಗೇಟು ತೆಗೆಯುವ ಮೊದಲೇ ಬಂದು ಗೇಟಿನ ಕಂಬಿಯ ಮೇಲೆ ನೇತಾಡುತ್ತಿದ್ದಳು. ಬ್ಯಾಚು ನಿಂತರೆ ಅವಳಿಗೆ ಏನು ಹೇಳುವುದು ಎಂಬುದನ್ನು ನಾನು ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿ ನೋಡಿದೆ. ಒಂದು ವಾಕ್ಯವೂ ಪೂರ್ತಿಯಾಗಲಿಲ್ಲ.

ಎರಡು ತಿಂಗಳು ಚಿಂತೆಯಲ್ಲೇ ತಯಾರಿ. ಊರಿನ ಇನ್ನೊಂದು ಕಡೆಯ ಒಂದು ಶಾಲೆಯ ತಂಡವನ್ನು ಭಾನುವಾರ ಒಂಬತ್ತು ಗಂಟೆಗೆ ಬರಹೇಳಿದೆ. ಕಡೆಗೆ ಮಕ್ಕಳಿಗೆ ಹಂಚಲು ತಂದ ಕಡ್ಲೆಮಿಠಾಯಿಯಲ್ಲಿ ಕಲ್ಲಿದ್ದರೆ ಎಂದು ಅದನ್ನೂ ಮೊದಲೇ ತಿಂದು ನೋಡಿದೆ. ಮಳೆ, ನಾಯಿ, ಜೇನುಹುಳು, ಲೇಸು, ಎಲ್ಲಕ್ಕೂ ನನ್ನಲ್ಲಿ ಉಪಾಯವಿತ್ತು. ಒಂದನ್ನು ಮಾತ್ರ ಯೋಚಿಸಿರಲಿಲ್ಲ. ನಮ್ಮ ಅಭ್ಯಾಸ ಮುಗಿಯುತ್ತಿದ್ದದ್ದು ಏಳೂವರೆಗೆ. ಒಂಬತ್ತು ಗಂಟೆಗೆ ಆ ಮೈದಾನ ಹೇಗಿರುತ್ತದೆ ಎಂದು ನಾವು ಯಾರೂ ಕಂಡಿರಲಿಲ್ಲ. ಅದೂ ಒಳ್ಳೆಯ ಮುಹೂರ್ತವಿದ್ದ ಭಾನುವಾರ.

ಮ್ಯಾಚು ಶುರುವಾಯಿತು. ಏಳು ಜನರ ಆಟ, ಹದಿನೈದು ಹದಿನೈದು ನಿಮಿಷ. ಆ ಶಾಲೆಯ ಮಕ್ಕಳ ಸಾಕ್ಸು ಏಳು ಜೊತೆಯೂ ಒಂದೇ ಬಣ್ಣ. ನಮ್ಮವರದು ಒಬ್ಬೊಬ್ಬರ ಎರಡು ಕಾಲೂ ಒಂದೇ ಬಣ್ಣದಲ್ಲಿದ್ದರೆ ಹೆಚ್ಚು. ಆದರೂ ನಾಲ್ಕನೆಯ ನಿಮಿಷಕ್ಕೆ ಚೈತ್ರ ಚೆಂಡು ಹಿಡಿದು, ಇಬ್ಬರನ್ನು ದಾಟಿ, ನೇರ ಗೋಲಿನ ಕಡೆ ಹೊರಟಳು. ಎದುರಿಗೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇಲ್ಲ. ಗೋಪಾಲ್ ಸಾರ್ ಪೇಪರು ಕೆಳಗಿಳಿಸಿದರು.

ಕಾಂಪೌಂಡಿನಾಚೆಯಿಂದ "ಪೀಈಈ" ಎಂದು ಸೀಟಿ ಕೇಳಿತು. ಛತ್ರದ ಸೆಕ್ಯೂರಿಟಿಯವನು ಯಾರದೋ ಕಾರನ್ನು ಹಿಂದಕ್ಕೆ ತೆಗೆಸುತ್ತಿದ್ದ.

ಚೈತ್ರ ನಿಂತಳು. ಏಳು ಮಕ್ಕಳೂ ನಿಂತರು. ಚೈತ್ರಳ ಕಾಲು ಚೆಂಡಿನ ಮೇಲೆ, ಎಲ್ಲರ ಕೈ ಸೊಂಟದ ಮೇಲೆ, ಹದಿನಾಲ್ಕು ಕಣ್ಣೂ ನನ್ನ ಮೇಲೆ. ಎದುರು ತಂಡದ ಒಬ್ಬ ಹುಡುಗ ಮೆಲ್ಲಗೆ ಹತ್ತಿರ ಬಂದು, ಏನಾದರೂ ಮೋಸವಿದೆಯೇ ಎಂದು ಸುತ್ತ ನೋಡಿ, ಮಲಗಿದವರ ತಲೆದಿಂಬು ಎಳೆದುಕೊಳ್ಳುವ ಹಾಗೆ ಅವಳ ಕಾಲ ಕೆಳಗಿನ ಚೆಂಡನ್ನು ಎಳೆದುಕೊಂಡು ಹೋಗಿ ಗೋಲು ಹೊಡೆದ. ನಮ್ಮ ಗೋಲಿನಲ್ಲಿ ನಿಂತಿದ್ದ ಫೈಜಾನನ ಪಕ್ಕದಲ್ಲೇ ಚೆಂಡು ಒಳಗೆ ಹೋಯಿತು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವನ ಕಣ್ಣು ನನ್ನ ಮೇಲಿತ್ತು. ಹೇಳಿಕೊಟ್ಟದ್ದೇ ಹಾಗೆ.

ನಾನು ರೆಫರಿಯ ಹತ್ತಿರ ಓಡಿದೆ. ಆತ ಬೇರೆ ಶಾಲೆಯೊಂದರ ಪಿ.ಟಿ. ಮೇಷ್ಟ್ರು. "ಸಾರ್, ನಾನ್ ಊದೇ ಇಲ್ವಲ್ಲ" ಎಂದು ತನ್ನ ಸೀಟಿಯನ್ನು ಜೇಬಿನಿಂದ ತೆಗೆದು ತೋರಿಸಿದರು. ಮತ್ತೆ ಆಟ ಶುರುವಾಯಿತು, ಮತ್ತೆ "ಪೀಈಈ" ಎಂದಿತು, ಮತ್ತೆ ಏಳು ಕಂಬ, ಎರಡನೆಯ ಗೋಲು.

"ಏನ್ರೀ ಮೇಷ್ಟ್ರೇ," ಎಂದರು ಪದ್ಮಮ್ಮ ಕುರ್ಚಿಯಿಂದಲೇ, "ದಸರಾ ಬೊಂಬೆ ಕೂರಿಸಿದ ಹಾಗೆ ನಿಲ್ಲಿಸಿದ್ದೀರಲ್ಲ ಮಕ್ಕಳನ್ನ. ಒಂದು ಆರತಿ ಎತ್ತಿಬಿಡ್ಲಾ?"

ನಾನು ಕಾಂಪೌಂಡಿನ ಹತ್ತಿರ ಓಡಿ, ಕಲ್ಲಿನ ಮೇಲೆ ಹತ್ತಿ, ಆ ಕಡೆ ತಲೆ ಹಾಕಿದೆ.

"ಯಜಮಾನ್ರೇ, ಸ್ವಲ್ಪ ಅರ್ಧ ಗಂಟೆ ವಿಸಲ್ ಊದ್ಬೇಡಿ. ಇಲ್ಲಿ ಮಕ್ಕಳ ಮ್ಯಾಚು."

"ಎಂಗಾಯ್ತದೆ ಸಾ? ಗಂಡಿನ ಕಡೆಯೋರು ಈಗ್ ಬತ್ತಾವ್ರೆ. ಇನ್ನೂ ನಲವತ್ತ್ ಕಾರವೆ. ನಾನ್ ಊದ್ನಿಲ್ಲ ಅಂದ್ರೆ ಸೀದಾ ಬಂದು ಚಪ್ಪರದ ಕಂಬಕ್ಕೇ ಗುದ್ತಾರೆ."

"ಬಾಯಲ್ಲಿ ಹೇಳಿ, ಬಾ ಬಾ ಅಂತ."

"ಎ.ಸಿ. ಹಾಕ್ಕೊಂಡು ಗ್ಲಾಸ್ ಏರಿಸ್ಕೊಂಡಿರೋರಿಗೆ ಬಾಯಲ್ ಹೇಳುದ್ರೆ ಕೇಳಿಸ್ತದಾ? ನಿಮ್ ಐಕ್ಳಿಗೇ ಹೇಳಿ, ಕಿವಿ ಮುಚ್ಕೊಳಿ ಅಂತ."

ನಾನು ಕಲ್ಲಿನಿಂದ ಇಳಿಯುವಷ್ಟರಲ್ಲಿ ಮೂರನೆಯ ಗೋಲು ಆಗಿತ್ತು. ಗೋಪಾಲ್ ಸಾರ್ ಪೇಪರನ್ನು ಮಡಿಸುತ್ತಿದ್ದರು. ನಾಲ್ಕು ಮಡಿಕೆ, ಎಂಟು ಮಡಿಕೆ. ಅದು ಬಸ್ ಟಿಕೆಟ್ಟಿನಷ್ಟಾದರೆ ನನ್ನ ಬ್ಯಾಚು ಮುಗಿಯಿತು ಎಂದುಕೊಂಡೆ.

ವಿರಾಮದಲ್ಲಿ ಮಕ್ಕಳು ಸಂತೋಷವಾಗಿ ಓಡಿಬಂದರು. ಮೂರಕ್ಕೆ ಮೂರು ಸಲವೂ ಸ್ಟ್ಯಾಚೂ ಸರಿಯಾಗಿ ನಿಂತಿದ್ದೆವು ಎಂಬ ಹೆಮ್ಮೆ ಅವರದು. ಬೈಯುವುದು ಯಾರನ್ನು? ಮಂಡಿಯೂರಿ ಕೂತೆ.

"ನೋಡ್ರೋ, ಇನ್ಮೇಲೆ ವಿಸಲ್ ಕೇಳಿಸಿದ್ರೂ ನಿಲ್ಬೇಡಿ."

"ಯಾವ ವಿಸಲ್ ಸಾರ್?" ಎಂದ ಸಮರ್ಥ.

"ಯಾವುದೂ."

"ನಿಮ್ದೂ?"

"ನಂದೂ."

"ಅಂಗಾದ್ರೆ ಆಡ್ತಾನೇ ಇರದಾ ಸಾರ್?" ಚೈತ್ರಳ ಕಣ್ಣು ಅಗಲವಾಯಿತು.

"ಆಡ್ತಾನೇ ಇರಿ."

"ಪ್ರಾಮಿಸ್?" ಫೈಜಾನ್ ಕೈ ಚಾಚಿದ.

"ಪ್ರಾಮಿಸ್" ಎಂದು ಅವನ ಕೈ ಮೇಲೆ ಕೈ ಇಟ್ಟೆ. ಮೈದಾನದಲ್ಲಿ ರೆಫರಿ ಎಂಬ ಇನ್ನೊಬ್ಬ ಪ್ರಾಣಿಯೂ ಸೀಟಿ ಹಿಡಿದು ನಿಂತಿದೆ ಎಂಬುದು ಆ ಹೊತ್ತಿನಲ್ಲಿ ನನಗೆ ಹೊಳೆಯಲೇ ಇಲ್ಲ.

ಎರಡನೆಯ ಅರ್ಧವನ್ನು ಬರೆಯುವುದು ಕಷ್ಟ. ಛತ್ರದ ಸೀಟಿಗೆ ಅವರು ನಿಲ್ಲಲಿಲ್ಲ, ಅಲ್ಲಿಯವರೆಗೆ ಸರಿ. ಚೆಂಡು ಗೆರೆ ದಾಟಿದಾಗ ರೆಫರಿ ಊದಿದರು, ಅದಕ್ಕೂ ನಿಲ್ಲಲಿಲ್ಲ. ಚೈತ್ರ ಗೆರೆಯಾಚೆಗೆ ಹೋಗಿ, ಪದ್ಮಮ್ಮನವರ ಕುರ್ಚಿಯನ್ನು ಒಂದು ಸುತ್ತು ಹಾಕಿ, ಫ್ಲಾಸ್ಕು ಬೀಳಿಸದೆ ಚೆಂಡಿನ ಸಮೇತ ಒಳಗೆ ಬಂದಳು. ಶಾಲೆಯ ಮಕ್ಕಳು ನಿಯಮ ಬಲ್ಲವರು, ಪ್ರತಿ ಸೀಟಿಗೂ ಮರ್ಯಾದೆಯಿಂದ ನಿಲ್ಲುತ್ತಿದ್ದರು. ಹಾಗೆ ನಿಂತವರ ನಡುವೆ ನಮ್ಮವರು ಎರಡು ಗೋಲು ಹೊಡೆದರು. ರೆಫರಿ ಎರಡನ್ನೂ ರದ್ದು ಮಾಡಿದರು. ರದ್ದಾದದ್ದು ನಮ್ಮವರಿಗೆ ಗೊತ್ತೇ ಆಗಲಿಲ್ಲ, ಏಕೆಂದರೆ ಅದನ್ನು ಕೇಳಲು ನಿಲ್ಲಬೇಕಾಗಿತ್ತು.

ಕೊನೆಯ ಸೀಟಿ ಆಯಿತು. ಉದ್ದಕ್ಕೆ, ಮೂರು ಸಲ. ಶಾಲೆಯ ಮಕ್ಕಳು ಕೈ ಕುಲುಕಲು ಸಾಲಾಗಿ ನಿಂತರು. ನಮ್ಮವರು ಆಡುತ್ತಿದ್ದರು. ರೆಫರಿ ವಾಚು ತೋರಿಸಿದರು. ಆಡುತ್ತಿದ್ದರು. ಹೊರಗೆ ಕೂತಿದ್ದ ನಮ್ಮ ಹದಿನೇಳು ಜನವೂ ಇದೇ ಸಮಯವೆಂದು ಒಳಗೆ ನುಗ್ಗಿ, ತಾವೇ ಎರಡು ಪಾರ್ಟಿ ಮಾಡಿಕೊಂಡರು. ನಾನು ಸೀಟಿ ಊದಿದೆ. "ಸ್ಟ್ಯಾಚೂ!" ಎಂದು ಗಂಟಲು ಹರಿಯುವಂತೆ ಕೂಗಿದೆ.

"ಪ್ರಾಮಿಸ್ ಮಾಡಿದ್ದೀರಿ ಸಾರ್!" ಎಂದು ಫೈಜಾನ್ ನನ್ನ ಪಕ್ಕದಲ್ಲೇ ಓಡಿಹೋದ. ಗೋಲ್‌ಕೀಪರಾದವನು ಅಷ್ಟು ದೂರ ಏಕೆ ಬಂದಿದ್ದ ಎಂಬುದು ಬೇರೆ ಮಾತು.

ಆಗ ಗೋಪಾಲ್ ಸಾರ್ ಎದ್ದರು. ಪೇಪರನ್ನು ಪದ್ಮಮ್ಮನವರ ಕೈಗೆ ಕೊಟ್ಟು, ದಾಪುಗಾಲು ಹಾಕುತ್ತಾ ಮೈದಾನದ ಒಳಕ್ಕೆ ನಡೆದರು. ನನಗೆ ಅವರನ್ನು ತಡೆಯುವ ಧೈರ್ಯವಿರಲಿಲ್ಲ.

"ಏಯ್! ಸಾಕು ಕೊಡಿ ಇಲ್ಲಿ ಚೆಂಡು!"

ಚೆಂಡಿದ್ದದ್ದು ಚೈತ್ರಳ ಹತ್ತಿರ. ಗೋಪಾಲ್ ಸಾರ್ ಕಾಲು ಮುಂದಿಟ್ಟರು. ಅವಳು ಚೆಂಡಿನ ಮೇಲೆ ಅಂಗಾಲು ಇಟ್ಟು, ಹಿಂದಕ್ಕೆಳೆದು, ಗಿರಕ್ಕನೆ ಆ ಕಡೆ ತಿರುಗಿದಳು. ಸಾರ್ ಅವರ ಕಾಲಿಗೆ ಗಾಳಿ ಸಿಕ್ಕಿತು. ಅವರು ಬೀಳಲಿಲ್ಲ, ಟೊಪ್ಪಿ ಬಿತ್ತು.

ರಿಪೇರಿ ಅಂಗಡಿಗಳ ಕಡೆಯಿಂದ ಯಾರೋ ಕೇಕೆ ಹಾಕಿದರು. ಗೋಪಾಲ್ ಸಾರ್ ಒಂದು ಕ್ಷಣ ಹಾಗೆಯೇ ನಿಂತರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರು ಟೊಪ್ಪಿ ಎತ್ತಿಕೊಳ್ಳದೆ ಅವಳ ಹಿಂದೆ ಓಡುತ್ತಿದ್ದರು.

"ತಾತಾ, ಈ ಕಡೆ ಬನ್ನಿ, ಈ ಕಡೆ!"

"ತಾತ ಅಂತೀಯಾ? ಬುಡಲ್ಲ ಕಣಮ್ಮ ಇವತ್ತು ನಿನ್ನ!"

ಅವರ ಬಾಯಲ್ಲಿ "ಬುಡಲ್ಲ" ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಸಭೆಗಳಲ್ಲಿ ಅವರು ಪುಸ್ತಕದ ಕನ್ನಡ ಆಡುತ್ತಿದ್ದವರು. ಇಪ್ಪತ್ತನಾಲ್ಕು ಮಕ್ಕಳ ನಡುವೆ, ಮುಖ ಕೆಂಪಗೆ ಮಾಡಿಕೊಂಡು, ಒಳಗೆ ಹೊರಗೆ ತಿರುಗುತ್ತಾ, ಮೂರು ಸಲ ಮೋಸಹೋಗಿ, ನಾಲ್ಕನೆಯ ಸಲ ಬೂಟಿನ ತುದಿಯಿಂದ ಚೆಂಡು ಕಸಿದುಕೊಂಡರು. ಸರಿ, ಮುಗಿಯಿತು, ಇನ್ನು ಅದನ್ನು ಕೈಯಲ್ಲಿ ಎತ್ತಿಕೊಂಡು ಹೊರಗೆ ಬರುತ್ತಾರೆ ಎಂದುಕೊಂಡೆ. ಅವರು ತಲೆ ಎತ್ತಿ, ಎಡಗಡೆ ಖಾಲಿ ನಿಂತಿದ್ದ ಸಮರ್ಥನನ್ನು ನೋಡಿ, ಅವನ ಕಾಲಿಗೇ ಚೆಂಡು ತಳ್ಳಿದರು. ಅಷ್ಟು ಮೆತ್ತಗಿನ ಪಾಸು ನಾನು ನಮ್ಮ ಮೈದಾನದಲ್ಲಿ ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಶಾಲೆಯವರಿಗೆ ನಾನೊಬ್ಬನೇ ಹೋಗಿ ಏಳು ಸಲ ಕೈ ಕುಲುಕಿ ಕಳಿಸಿದೆ. ಹತ್ತು ನಿಮಿಷದ ಮೇಲೆ ಗೋಪಾಲ್ ಸಾರ್ ಹೊರಗೆ ಬಂದು, ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತಾ ನನ್ನ ಮುಂದೆ ನಿಂತರು. ಅವರ ಹಿಂದೆ ನೀರು ಕುಡಿಯಲು ಚೈತ್ರ ಬಂದಳು. ಬೆಳಗಿನ ಬ್ಯಾಚಿನ ತೀರ್ಪು ಈಗ ಬರುತ್ತದೆ ಎಂದು ಚೀಲದಿಂದ ಛತ್ರಿ ತೆಗೆದು ಹಿಡಿದೆ. ಅವರು ಅದರ ಮಾತೇ ಎತ್ತಲಿಲ್ಲ.

"ಚೆಂಡು ಹಿಂದಕ್ಕೆ ಎಳ್ಕೊಂಡು ತಿರುಗಿದ್ಳಲ್ಲ, ಅದನ್ನ ಯಾರ್ರೀ ಕಲ್ಸಿದ್ದು?"

ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ನಾನು ಹದಿನಾಲ್ಕು ವರ್ಷ ಕಾದಿದ್ದೆ. "ನಾನೇ ಸಾರ್" ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಹೇಳಿದರೆ ಬ್ಯಾಚು ಉಳಿಯಬಹುದು. ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಆ ಪಾಠ ಇನ್ನೂ ಹದಿಮೂರು ವಾರ ದೂರದಲ್ಲಿತ್ತು. ಅಲ್ಲದೆ ಚೈತ್ರ ಲೋಟ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು.

"ಯಾರೂ ಇಲ್ಲ ಸಾರ್. ನಾನು ಇನ್ನೂ ಅಲ್ಲೀವರೆಗೆ ಬಂದೇ ಇಲ್ಲ."

"ನಮ್ ಅಂಗ್ಡಿ ತಾವ ಆಡ್ತೀನಲ್ಲ ಸಾರ್," ಎಂದಳು ಚೈತ್ರ, "ಗಾಡಿಗ್ಳು ಒತ್ತೊತ್ತಾಗಿ ನಿಂತಿರ್ತವೆ. ಚೆಂಡು ತಾಗುದ್ರೆ ಅಪ್ಪ ಬಯ್ತದೆ. ಅದಕ್ಕೆ ಅಂಗೆ ಎಳ್ಕೊಂಡು ಎಳ್ಕೊಂಡು ತಿರುಗ್ಸದು." ನೀರು ಮುಗಿಸಿ, ಬಾಯಿ ಒರೆಸಿಕೊಂಡು ಓಡಿದಳು.

ಗೋಪಾಲ್ ಸಾರ್ ಅವಳು ಹೋದ ಕಡೆ ನೋಡಿದರು. ಆಮೇಲೆ, "ದೊಡ್ಡ ಹುಡುಗ್ರು ಏಳೂಮುಕ್ಕಾಲಿಗೆ ಬರ್ಲಿ ಬಿಡಿ" ಎಂದರು. "ಆರೂಕಾಲು ಇವರಿಗೇ ಇರ್ಲಿ."

ಕೈ ಮುಗಿಯಲು ಹೋದೆ, ಕೈಯಲ್ಲಿ ಛತ್ರಿ ಇತ್ತು.

"ಆದ್ರೆ ಒಂದು ಷರತ್ತು."

"ಹೇಳಿ ಸಾರ್."

"ನೀವು ಸ್ವಲ್ಪ ಕಮ್ಮಿ ಕಲ್ಸಿ."

ಒಪ್ಪಿಕೊಂಡೆ. ಒಪ್ಪಿದ ಮರುಕ್ಷಣವೇ ಚಿಂತೆ ಹತ್ತಿತು. ಅವರು ಆಗಲೇ ಮತ್ತೆ ಮೈದಾನದ ಕಡೆ ತಿರುಗಿ, ಪ್ಯಾಂಟನ್ನು ಮಂಡಿಯವರೆಗೆ ಮಡಿಸಿಕೊಳ್ಳುತ್ತಿದ್ದರು.

"ಎಷ್ಟು ಕಮ್ಮಿ ಸಾರ್?" ಎಂದು ಹಿಂದಿನಿಂದ ಕೂಗಿದೆ.

"ಅದನ್ನೂ ನಾನೇ ಹೇಳ್ಕೊಡ್ಬೇಕೇನ್ರೀ?" ಎಂದು ಅವರು ಓಡಿದರು.